ಶ್ವಾಸನಾಳದ ಮೂರು ಆಯಾಮದ ಚಿತ್ರ: ತಲಪಾಡಿ ದಾಟುವ ಮೊದಲು ಕೇಳಿ ಪಡೆಯಬೇಕಾದದ್ದು

ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ರೋಗಿಗಳು ಎದೆಯ ಸಿಟಿ ಸ್ಕ್ಯಾನನ್ನು ಹತ್ತಿರದಲ್ಲೇ ಮಾಡಿಸಿ, ಫಿಲಂ ಇರುವ ದೊಡ್ಡ ಕವರು ಹಿಡಿದುಕೊಂಡು ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರು ಕಡೆಯ ದೇರಳಕಟ್ಟೆಗೋ ಕಂಕನಾಡಿಗೋ ಹೋಗುವುದು ಹೊಸದೇನಲ್ಲ. ಅಲ್ಲಿನ ಶ್ವಾಸಕೋಶ ತಜ್ಞರು ಫಿಲಂ ಬೆಳಕಿಗೆ ಹಿಡಿದು ನೋಡಿ, ‘ಇನ್ನೊಮ್ಮೆ ಸ್ಕ್ಯಾನ್ ಆಗಬೇಕು’ ಅನ್ನುವುದೂ ಹೊಸದಲ್ಲ. ದುಡ್ಡು ಮಾಡುವ ದಾರಿ ಎಂದು ಮನೆಯವರು ಗೊಣಗುತ್ತಾರೆ. ಎಲ್ಲೋ ಒಂದೊಂದು ಕಡೆ ಅದು ನಿಜವೂ ಇರಬಹುದು. ಆದರೆ ಶ್ವಾಸನಾಳದ ಕಾಯಿಲೆಗಳ ಮಟ್ಟಿಗೆ ಬಹುಪಾಲು ಕಾರಣ ಬೇರೆ: ಫಿಲಂನಲ್ಲಿ ಅಚ್ಚಾಗಿರುವುದು 5 ಮಿ.ಮೀ. ದಪ್ಪದ ಸ್ಲೈಸುಗಳು, ಅಂದರೆ ದೇಹವನ್ನು ಅಡ್ಡಕ್ಕೆ ಹೋಳು ಮಾಡಿದಂತೆ ತೋರಿಸುವ ಚಿತ್ರಗಳು; ತಜ್ಞರಿಗೆ ಬೇಕಾದದ್ದು 1 ಮಿ.ಮೀ. ಆಸುಪಾಸಿನವು. ತೆಳು ಸ್ಲೈಸುಗಳನ್ನು ಯಂತ್ರ ಆ ದಿನವೇ ಕೊಡಬಲ್ಲದಾಗಿತ್ತು. ಯಾರೂ ಕೇಳಲಿಲ್ಲ, ಯಾರೂ ಉಳಿಸಲಿಲ್ಲ.

ದೇಹದೊಳಕ್ಕೆ ಕೊಳವೆ ಇಳಿಸದೆ ಶ್ವಾಸನಾಳವನ್ನು ಮೂರು ಆಯಾಮದಲ್ಲಿ ನೋಡುವ ತಂತ್ರ ಈಗ ದೊಡ್ಡ ಆಸ್ಪತ್ರೆಗಳ ಸೊತ್ತಾಗಿ ಉಳಿದಿಲ್ಲ. 16 ಸ್ಲೈಸಿನ, ಅಂದರೆ ಒಂದೇ ಸುತ್ತಿಗೆ 16 ಸ್ಲೈಸು ತೆಗೆಯುವ, ಸಿಟಿ ಯಂತ್ರವಿದ್ದರೂ ಸಾಕು. ರಿಪೋರ್ಟಿನ ಜೊತೆ ಬರುವ ಗುಲಾಬಿ ಬಣ್ಣದ ಶ್ವಾಸನಾಳದ ಚಿತ್ರ ಕಣ್ಣಿಗೆ ಚೆಂದ. ಚಿಕಿತ್ಸೆಯ ತೀರ್ಮಾನ ನಿಲ್ಲುವುದು ಮಾತ್ರ ಅದರ ಹಿಂದಿರುವ ತೆಳು ಸ್ಲೈಸುಗಳ ಮೇಲೆ ಮತ್ತು ರೋಗಿ ಉಸಿರನ್ನು ಯಾವಾಗ ಹಿಡಿದ, ಯಾವಾಗ ಬಿಟ್ಟ ಎಂಬುದರ ಮೇಲೆ. ಇವೆರಡು ಕೆಟ್ಟರೆ ಎಷ್ಟು ದುಬಾರಿ ಸಾಫ್ಟ್‌ವೇರ್ ಇದ್ದರೂ ಪ್ರಯೋಜನವಿಲ್ಲ.

ಚಿತ್ರ ತಯಾರಾಗುವ ಬಗೆ

ಸಿಟಿ ಯಂತ್ರ ನೇರವಾಗಿ ಮೂರು ಆಯಾಮದ ಚಿತ್ರ ತೆಗೆಯುವುದಿಲ್ಲ. ಎಕ್ಸ್‌ರೇ ಟ್ಯೂಬು ರೋಗಿಯ ಸುತ್ತ ತಿರುಗುತ್ತಿರುವಾಗ ಮೇಜು ಮುಂದಕ್ಕೆ ಜಾರುತ್ತದೆ. ಆ ಲೆಕ್ಕದಿಂದ ದೇಹದ ಒಂದೊಂದು ಪುಟ್ಟ ಘನಕ್ಕೂ ಒಂದು ಸಾಂದ್ರತೆಯ ಅಂಕಿ ಸಿಗುತ್ತದೆ. ಇದನ್ನು ಅಳೆಯುವ ಮಾನಕ್ಕೆ ಸಿಟಿ ಕಂಡುಹಿಡಿದವರಲ್ಲಿ ಒಬ್ಬರಾದ, 1979ರಲ್ಲಿ ನೊಬೆಲ್ ಪಡೆದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರೇ ಇದೆ. ನೀರಿಗೆ 0, ಗಾಳಿಗೆ −1000. ಆರೋಗ್ಯವಂತ ಶ್ವಾಸಕೋಶದ ಅಂಗಾಂಶ ಸುಮಾರು −700ರಿಂದ −900ರ ನಡುವೆ ಬರುತ್ತದೆ. ಶ್ವಾಸನಾಳದ ಒಳಗೆ ಬರೀ ಗಾಳಿ, ಗೋಡೆ ಮಾತ್ರ ಮಾಂಸದಷ್ಟು ಸಾಂದ್ರ. ಈ ವ್ಯತ್ಯಾಸ ತಾನಾಗಿಯೇ ಇರುವುದರಿಂದ ಶ್ವಾಸನಾಳ ನೋಡಲು ಸಾಮಾನ್ಯವಾಗಿ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ. ಗೆಡ್ಡೆ, ರಕ್ತನಾಳ, ಕಫದಲ್ಲಿ ರಕ್ತ ಇವುಗಳ ಪ್ರಶ್ನೆ ಇದ್ದಾಗ ಬೇಕಾಗುತ್ತದೆ. ಆಗ ಮೊದಲೇ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಕೊಳ್ಳುತ್ತಾರೆ.

ಎದೆಯ ಸ್ಕ್ಯಾನಿನ ಅಗಲ 350 ಮಿ.ಮೀ. ಇಟ್ಟು 512 ಚೌಕಗಳಾಗಿ ಹಂಚಿದರೆ ಒಂದು ಚೌಕದ ಅಗಲ ಸುಮಾರು 0.7 ಮಿ.ಮೀ. ಸ್ಲೈಸಿನ ದಪ್ಪವೂ ಇದರ ಹತ್ತಿರ ಇದ್ದರೆ ಘನದ ಎಲ್ಲ ಬದಿಗಳೂ ಸರಿಸುಮಾರು ಒಂದೇ ಅಳತೆ ಆಗುತ್ತವೆ. ಯಾವ ದಿಕ್ಕಿನಿಂದ ಕತ್ತರಿಸಿ ನೋಡಿದರೂ ಚಿತ್ರ ಹರಿತ. ಅದೇ ದಪ್ಪ 5 ಮಿ.ಮೀ. ಆದರೆ ಉದ್ದುದ್ದಕ್ಕೆ ನೋಡುವಾಗ ನಾಳದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, 3 ಮಿ.ಮೀ. ಅಗಲದ ಪೊರೆಯಂಥ ಕಿರಿದಾಗುವಿಕೆ ಎರಡು ಸ್ಲೈಸುಗಳ ಸರಾಸರಿಯಲ್ಲಿ ಕರಗಿ ಹೋಗುತ್ತದೆ. ಆದ್ದರಿಂದ ಶ್ವಾಸನಾಳಕ್ಕೆಂದೇ ಮಾಡುವ ಸ್ಕ್ಯಾನಿನಲ್ಲಿ ಸ್ಲೈಸ್ ದಪ್ಪ 0.6ರಿಂದ 1.25 ಮಿ.ಮೀ., ಒಂದರ ಮೇಲೊಂದು ಅರ್ಧದಷ್ಟು ಹೊದ್ದುಕೊಳ್ಳುವಂತೆ.

ಈ ದತ್ತಾಂಶದಿಂದ ರೇಡಿಯಾಲಜಿಸ್ಟ್ ನಾಲ್ಕೈದು ಬಗೆಯ ಚಿತ್ರ ತೆಗೆಯುತ್ತಾರೆ. ಎದುರಿನಿಂದ, ಪಕ್ಕದಿಂದ, ಓರೆಯಾಗಿ ಕತ್ತರಿಸಿದ ನೋಟಗಳು ಎಲ್ಲಕ್ಕಿಂತ ಸರಳ, ನಿತ್ಯದ ಕೆಲಸಕ್ಕೆ ಎಲ್ಲಕ್ಕಿಂತ ಉಪಯುಕ್ತ. ದಪ್ಪ ಪದರವೊಂದರಲ್ಲಿ ಅತಿ ಕಡಿಮೆ ಸಾಂದ್ರತೆಯ ಅಂಕಿಗಳನ್ನಷ್ಟೇ ಉಳಿಸಿದರೆ ಶ್ವಾಸನಾಳದ ಮರ ಕಪ್ಪಾಗಿ ಎದ್ದು ಕಾಣುತ್ತದೆ. ಗಾಳಿ ಎಲ್ಲಿ ಸಿಕ್ಕಿಬಿದ್ದಿದೆ ಎಂಬುದಕ್ಕೂ ಇದು ಒಳ್ಳೆಯದು. ಹೊರಮೈ ಬಿಡಿಸಿ ತೋರಿಸುವ ಬಣ್ಣದ ಮಾದರಿ ಶಸ್ತ್ರಚಿಕಿತ್ಸಕರಿಗೆ ನಕ್ಷೆ ಇದ್ದಂತೆ. ಇನ್ನು ನಾಳದ ಒಳಗೇ ಸಾಗಿದ ಹಾಗೆ ತೋರಿಸುವುದು ವರ್ಚುವಲ್ ಬ್ರಾಂಕೋಸ್ಕೋಪಿ. ನಾಳದೊಳಕ್ಕೆ ಇಳಿಸಿ ನೋಡುವ ಕೊಳವೆ, ಅಂದರೆ ನಿಜವಾದ ಬ್ರಾಂಕೋಸ್ಕೋಪು, ದಾಟಲಾಗದಷ್ಟು ಕಿರಿದಾದ ಜಾಗದ ಆಚೆ ಏನಿದೆ ಎಂದು ನೋಡಲು ಇದು ನೆರವಿಗೆ ಬರುತ್ತದೆ. ಆದರೆ ಗೋಡೆಯ ಕೆಂಪು, ಊತ, ರಕ್ತ ಜಿನುಗುವಿಕೆ ಒಂದನ್ನೂ ಇದು ತೋರಿಸಲಾರದು. ಆ ಗುಲಾಬಿ ಬಣ್ಣ ಕಂಪ್ಯೂಟರ್ ಬಳಿದದ್ದು. ಮಾದರಿ ತೆಗೆಯುವುದು, ಕಫ ಎಳೆಯುವುದು ಇದರಿಂದ ಆಗುವ ಮಾತಲ್ಲ. ಅಂಟಿಕೊಂಡ ಕಫದ ಉಂಡೆ ಇದರಲ್ಲಿ ಗೆಡ್ಡೆಯ ಹಾಗೆಯೇ ಕಾಣಬಹುದು. ಅನುಮಾನ ಬಂದರೆ ರೋಗಿಗೆ ಜೋರಾಗಿ ಕೆಮ್ಮಲು ಹೇಳಿ, ಆ ಜಾಗಕ್ಕಷ್ಟೇ ಮತ್ತೊಮ್ಮೆ ಕಡಿಮೆ ಡೋಸಿನಲ್ಲಿ ಸ್ಕ್ಯಾನ್ ಮಾಡುವುದು ರೂಢಿ. ಕಫವಾದರೆ ಜಾಗ ಬದಲಿಸುತ್ತದೆ, ಗೆಡ್ಡೆ ಕದಲುವುದಿಲ್ಲ.

ಉಸಿರು ಹಿಡಿಯಲು ಯಾವ ಭಾಷೆಯಲ್ಲಿ ಹೇಳಿದರು?

ಪಠ್ಯಪುಸ್ತಕಗಳಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ, ಗಡಿನಾಡಿನಲ್ಲಿ ನಿಜಕ್ಕೂ ತೊಡಕಾಗುವ ವಿಷಯವಿದು. 64 ಸ್ಲೈಸಿನ ಯಂತ್ರ ಇಡೀ ಎದೆಯನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತದೆ; 16 ಸ್ಲೈಸಿನದ್ದಕ್ಕೆ ಹತ್ತು ಸೆಕೆಂಡಿನ ಆಸುಪಾಸು. ಅಷ್ಟು ಹೊತ್ತು ರೋಗಿ ಪೂರ್ತಿ ಉಸಿರು ಎಳೆದು ಹಿಡಿದಿರಬೇಕು. ಯಂತ್ರದೊಳಗಿನ ಧ್ವನಿಮುದ್ರಿತ ಸೂಚನೆ ಮಲಯಾಳದಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಪೆರ್ಲದಿಂದಲೋ ಮುಳ್ಳೇರಿಯಾದಿಂದಲೋ ಬಂದ, ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಆಡುವ ಎಪ್ಪತ್ತರ ಅಜ್ಜಿಗೆ ಮೇಜು ಸರಿಯಲು ಶುರುವಾದ ಮೇಲೆ ಆ ಧ್ವನಿ ಕೇಳಿಸುತ್ತದೆ. ಅರ್ಥ ಮಾಡಿಕೊಂಡು ಉಸಿರು ಎಳೆಯುವಷ್ಟರಲ್ಲಿ ಸ್ಕ್ಯಾನ್ ಅರ್ಧ ಮುಗಿದಿರುತ್ತದೆ. ಶ್ವಾಸಕೋಶದ ಕೆಳಭಾಗ ಅಲುಗಾಡಿ ಒಂದೊಂದು ನಾಳವೂ ಜೋಡಿಯಾಗಿ ಕಾಣುತ್ತದೆ, ನಾಳ ಹಿಗ್ಗುವ ಕಾಯಿಲೆಯಾದ ಬ್ರಾಂಕಿಯೆಕ್ಟೇಸಿಸ್ ಇಲ್ಲದಿದ್ದರೂ ಇದ್ದಂತೆ ಭಾಸವಾಗುತ್ತದೆ. ಎಡ ಕೆಳಹಾಲೆಯಲ್ಲಿ ಹೃದಯದ ಬಡಿತವೂ ಸೇರಿ ಗೊಂದಲ ಇನ್ನಷ್ಟು.

ಪರಿಹಾರಕ್ಕೆ ಖರ್ಚಿಲ್ಲ. ಮೇಜಿನ ಮೇಲೆ ಮಲಗಿಸುವ ಮೊದಲೇ ರೋಗಿಗೆ ಗೊತ್ತಿರುವ ಭಾಷೆಯಲ್ಲಿ ಎರಡು ಮೂರು ಸಲ ಅಭ್ಯಾಸ ಮಾಡಿಸಬೇಕು, ಟೆಕ್ನೀಷಿಯನ್‌ಗೆ ಭಾಷೆ ಬಾರದಿದ್ದರೆ ಜೊತೆಗೆ ಬಂದವರು ಹೇಳಿಕೊಡಬೇಕು, ರೋಗಿ ಎಷ್ಟು ಸೆಕೆಂಡು ಹಿಡಿಯಬಲ್ಲರು ಎಂದು ಎಣಿಸಿ ನೋಡಬೇಕು. ಹಿಡಿಯಲಾಗದವರಿಗೆ ಸ್ಕ್ಯಾನನ್ನು ಕೆಳಗಿನಿಂದ ಮೇಲಕ್ಕೆ ನಡೆಸುವ ಉಪಾಯವಿದೆ. ಉಸಿರು ತಪ್ಪಿದಾಗ ಹೆಚ್ಚು ಅಲುಗಾಡುವುದು ಕೆಳಭಾಗ. ಅದು ಮೊದಲೇ ಮುಗಿದಿರುತ್ತದೆ.

ಚಿತ್ರ ಸರಿಯಾದ ಉಸಿರಿನಲ್ಲಿ ಬಂದಿದೆಯೇ ಎಂದು ಪತ್ತೆ ಮಾಡಲು ಒಂದು ಗುರುತಿದೆ. ಶ್ವಾಸನಾಳದ ಮುಂಭಾಗ ಮತ್ತು ಬದಿಗಳಲ್ಲಿ ಮೃದ್ವಸ್ಥಿಯ ಉಂಗುರಗಳಿವೆ, ಹಿಂಗೋಡೆ ಬರೀ ಪೊರೆ. ಉಸಿರು ಒಳಗೆಳೆದಾಗ ಈ ಹಿಂಗೋಡೆ ಹಿಂದಕ್ಕೆ ಉಬ್ಬಿರುತ್ತದೆ, ಹೆಚ್ಚೆಂದರೆ ಚಪ್ಪಟೆ. ಬಿಟ್ಟಾಗ ಒಳಕ್ಕೆ ಬಾಗುತ್ತದೆ. ‘ಉಸಿರು ಎಳೆದ ಸ್ಕ್ಯಾನ್’ ಎಂದು ಬರೆದಿರುವ ಚಿತ್ರದಲ್ಲಿ ಹಿಂಗೋಡೆ ಒಳಕ್ಕೆ ಬಾಗಿದ್ದರೆ ಆ ಸ್ಕ್ಯಾನಿನ ಅಳತೆಗಳನ್ನು ನಂಬುವ ಹಾಗಿಲ್ಲ.

ಉಸಿರು ಬಿಡುವಾಗಿನ ಸ್ಕ್ಯಾನ್ ಬೇಕೆಂದೇ ಮಾಡಿಸುವುದೂ ಉಂಟು. ಅದರಲ್ಲಿ ಎರಡು ಬಗೆ, ಎರಡನ್ನೂ ಬೆರೆಸಬಾರದು. ಪೂರ್ತಿ ಉಸಿರು ಬಿಟ್ಟು ನಿಲ್ಲಿಸಿದಾಗ ತೆಗೆದದ್ದು ಸಣ್ಣ ನಾಳಗಳಲ್ಲಿ ಗಾಳಿ ಸಿಕ್ಕಿಬೀಳುವುದನ್ನು ತೋರಿಸುತ್ತದೆ. ಜೋರಾಗಿ ಊದುತ್ತಿರುವಾಗಲೇ ತೆಗೆದದ್ದು ಶ್ವಾಸನಾಳ ಸಡಿಲವಾಗಿ ಕುಸಿಯುವ ಕಾಯಿಲೆಯನ್ನು ಹಿಡಿಯುತ್ತದೆ. ಉಸಿರು ನಿಲ್ಲಿಸಿ ತೆಗೆದ ಚಿತ್ರದಲ್ಲಿ ಕುಸಿತ ಕಡಿಮೆ ಕಂಡು, ಕಾಯಿಲೆ ಇಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರುವುದುಂಟು. ಇನ್ನೊಂದು ತುದಿಯ ತಪ್ಪೂ ಇದೆ. ನಾಳದ ವಿಸ್ತೀರ್ಣ 50 ಶೇಕಡಕ್ಕಿಂತ ಹೆಚ್ಚು ಕುಗ್ಗಿದರೆ ಕಾಯಿಲೆ ಎಂಬುದು ಹಳೆಯ ಅಳತೆಗೋಲು. ಆರೋಗ್ಯವಂತರಿಗೆ ಜೋರಾಗಿ ಊದಲು ಹೇಳಿ ಸ್ಕ್ಯಾನ್ ಮಾಡಿದಾಗ ಅವರಲ್ಲಿ ಬಹಳಷ್ಟು ಮಂದಿ ಆ ಗೆರೆ ದಾಟಿದರು. ಆದ್ದರಿಂದ ಅಂಕಿಯೊಂದನ್ನೇ ನೋಡಿ ಹಣೆಪಟ್ಟಿ ಅಂಟಿಸುವುದು ಸರಿಯಲ್ಲ, ಲಕ್ಷಣ ಹೊಂದಬೇಕು.

ದಮ್ಮು ಎಂದುಕೊಂಡದ್ದು ದಮ್ಮಲ್ಲದಿದ್ದಾಗ

ಮೂರು ಆಯಾಮದ ಚಿತ್ರ ತನ್ನ ಬೆಲೆಯನ್ನು ಚೆನ್ನಾಗಿ ತೋರಿಸುವುದು ಶ್ವಾಸನಾಳ ಕಿರಿದಾದವರಲ್ಲಿ. ಹಾವು ಕಡಿತ, ತೋಟಕ್ಕೆ ಹೊಡೆಯುವ ವಿಷ ಹೊಟ್ಟೆಗೆ ಹೋದದ್ದು, ಹೆದ್ದಾರಿ ಅಪಘಾತದಲ್ಲಿ ತಲೆಗೆ ಏಟು, ಕೋವಿಡ್ ಕಾಲದ ನ್ಯುಮೋನಿಯಾ ಹೀಗೆ ಯಾವುದೋ ಕಾರಣಕ್ಕೆ ಬಹಳ ದಿನ ವೆಂಟಿಲೇಟರಿನಲ್ಲಿ ಇದ್ದವರು ಗುಣವಾಗಿ ಮನೆಗೆ ಬರುತ್ತಾರೆ. ಕೆಲವು ವಾರ ಅಥವಾ ತಿಂಗಳುಗಳ ಮೇಲೆ ಗುಡ್ಡೆ ಹತ್ತುವಾಗ ಏದುಸಿರು, ಮತ್ತೆ ಉಸಿರಿಗೆ ಶಿಳ್ಳೆಯಂಥ ಸದ್ದು. ದಮ್ಮು ಎಂದು ಇನ್‌ಹೇಲರ್ ಕೊಡುತ್ತಾರೆ. ಗುಣ ಕಾಣುವುದಿಲ್ಲ, ಇನ್‌ಹೇಲರಿನ ಡೋಸ್ ಏರುತ್ತ ಹೋಗುತ್ತದೆ.

ಆದದ್ದು ಇಷ್ಟು. ಉಸಿರಾಟದ ಕೊಳವೆಯ ತುದಿಯಲ್ಲಿರುವ ಬಲೂನನ್ನು ಉಬ್ಬಿಸಿ ನಾಳಕ್ಕೆ ಬಿಗಿ ಮಾಡುತ್ತಾರೆ. ಅದರ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟು ಇರಬೇಕು. ಅದಕ್ಕಿಂತ ಹೆಚ್ಚಾದರೆ ಒಳಪೊರೆಗೆ ರಕ್ತ ಹೋಗುವುದು ನಿಂತು ಹುಣ್ಣಾಗುತ್ತದೆ, ಹುಣ್ಣು ಮಾಯುವಾಗ ಕಲೆ ಕಟ್ಟಿ ನಾಳವನ್ನು ಹಿಂಡುತ್ತದೆ. ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಟ್ಟವರಲ್ಲಿ ಆ ತೂತಿನ ಜಾಗದಲ್ಲೂ ಹೀಗೆ ಆಗುತ್ತದೆ. ವಯಸ್ಕರಲ್ಲಿ ನಾಳದ ಅಗಲ ಸುಮಾರು 8 ಮಿ.ಮೀ.ಗೆ ಇಳಿಯುವವರೆಗೆ ಕೂತಲ್ಲಿ ಏನೂ ಗೊತ್ತಾಗುವುದಿಲ್ಲ; 5 ಮಿ.ಮೀ. ಹತ್ತಿರ ಬಂದರೆ ಕೂತಲ್ಲೇ ಸದ್ದು, ಸಂಕಟ. ಆಮೇಲೆ ಒಂದು ಕಫದ ಉಂಡೆ ಸಾಕು ಅಪಾಯಕ್ಕೆ. 16 ಮಿ.ಮೀ. ನಾಳ 8ಕ್ಕೆ ಇಳಿದರೆ ವಿಸ್ತೀರ್ಣ 201 ಚದರ ಮಿ.ಮೀ.ನಿಂದ 50ಕ್ಕೆ ಬೀಳುತ್ತದೆ. ಗಾಳಿ ನಿಧಾನವಾಗಿ ಸರಾಗ ಹರಿಯುವಾಗಲೇ ಅಡ್ಡಿ 16 ಪಟ್ಟು. ಓಡುವಾಗ, ಸುಳಿಯೆದ್ದು ಹರಿಯುವಾಗ ಅದಕ್ಕಿಂತ ಹೆಚ್ಚು.

ಇಂಥವರಿಗೆ ‘ಎದೆಯ ಸಿಟಿ’ ಎಂದಷ್ಟೇ ಚೀಟಿ ಬರೆದರೆ ಕಾಯಿಲೆಯೇ ತಪ್ಪಿಹೋಗುತ್ತದೆ. ಎದೆಯ ಸ್ಕ್ಯಾನ್ ಶುರುವಾಗುವುದು ಶ್ವಾಸಕೋಶದ ತುದಿಯಿಂದ. ಕಿರಿದಾದ ಜಾಗ ಅನೇಕರಲ್ಲಿ ಅದಕ್ಕೂ ಮೇಲೆ, ಕುತ್ತಿಗೆಯಲ್ಲಿ, ಧ್ವನಿತಂತುಗಳ ಕೆಳಗೆ ಇರುತ್ತದೆ. ರಿಪೋರ್ಟಿನಲ್ಲಿ ‘ಶ್ವಾಸನಾಳ ಸಹಜ’ ಎಂದು ಬಂದರೆ ಅದು ಸುಳ್ಳಲ್ಲ, ಕಂಡಷ್ಟು ಭಾಗ ಸಹಜವೇ. ಚೀಟಿಯಲ್ಲಿ ‘ಧ್ವನಿಪೆಟ್ಟಿಗೆಯ ಮೇಲಿನಿಂದ ಶ್ವಾಸನಾಳ ಕವಲೊಡೆಯುವಲ್ಲಿಂದ ಕೆಳಗಿನವರೆಗೆ, ತೆಳು ಸ್ಲೈಸ್, ಹಿಂದೆ ವೆಂಟಿಲೇಟರಿನಲ್ಲಿ ಇದ್ದವರು’ ಎಂದು ಬರೆಯಬೇಕು. ಕೊನೆಯ ಮಾತು ತೀರಾ ಮುಖ್ಯ. ಪ್ರಶ್ನೆ ಗೊತ್ತಿಲ್ಲದ ರೇಡಿಯಾಲಜಿಸ್ಟ್ ಉತ್ತರ ಎಲ್ಲಿ ಹುಡುಕಬೇಕು? ಕುತ್ತಿಗೆಯಲ್ಲಿ ಕೊಳವೆ ಇನ್ನೂ ಇದ್ದರೆ ಅದು ತಾನಿರುವ ಜಾಗದ ಕಿರಿದಾಗುವಿಕೆಯನ್ನೂ ಸಡಿಲತೆಯನ್ನೂ ಮರೆಮಾಡುತ್ತದೆ. ಅರಿವಳಿಕೆ ವೈದ್ಯರು ಪಕ್ಕದಲ್ಲಿದ್ದು, ಸುರಕ್ಷಿತ ಎನಿಸಿದರೆ ಮಾತ್ರ, ಸ್ಕ್ಯಾನಿನ ಹೊತ್ತಿಗಷ್ಟೇ ಅದನ್ನು ಹೊರಗೆಳೆಯುವುದುಂಟು.

ಶಸ್ತ್ರಚಿಕಿತ್ಸಕರಿಗೆ ಈ ಸ್ಕ್ಯಾನಿನಿಂದ ಬೇಕಾದದ್ದು ನಿಖರ ಅಳತೆಗಳು: ಧ್ವನಿತಂತುಗಳಿಂದ ಎಷ್ಟು ಕೆಳಗೆ, ಕಿರಿದಾದ ಭಾಗದ ಉದ್ದ ಎಷ್ಟು, ಅತಿ ಕಿರಿದಾದಲ್ಲಿ ವಿಸ್ತೀರ್ಣ ಎಷ್ಟು, ಆಚೆ ಈಚೆ ಆರೋಗ್ಯವಾದ ನಾಳ ಎಷ್ಟು ಉಳಿದಿದೆ, ಕವಲಿಗೆ ಎಷ್ಟು ದೂರ. ವಯಸ್ಕರ ಶ್ವಾಸನಾಳದ ಒಟ್ಟು ಉದ್ದವೇ 10ರಿಂದ 12 ಸೆಂ.ಮೀ. ಅದರ ಅರ್ಧದಷ್ಟನ್ನು ಕತ್ತರಿಸಿ ಜೋಡಿಸುವುದು ಹೆಚ್ಚುಕಡಿಮೆ ಕೊನೆಯ ಮಿತಿ. ಹಾಗಾಗಿ ಒಂದೊಂದು ಸೆಂಟಿಮೀಟರೂ ಲೆಕ್ಕಕ್ಕೆ ಬರುತ್ತದೆ. ಪೊರೆಯಂಥ ಚಿಕ್ಕ ಕಿರಿದಾಗುವಿಕೆಯನ್ನು ಬಲೂನು, ಲೇಸರಿನಿಂದ ಬಿಡಿಸಬಹುದು. ಉಂಗುರಗಳೇ ಕುಸಿದ ಉದ್ದದ ಕಿರಿದಾಗುವಿಕೆಗೆ ಅದು ಸಾಲದು. ಈ ಎರಡನ್ನು ಬೇರ್ಪಡಿಸುವಲ್ಲಿ ಉದ್ದುದ್ದದ ನೋಟವೇ ದಾರಿ ತೋರಿಸುತ್ತದೆ. ಆಮೇಲೂ ಬ್ರಾಂಕೋಸ್ಕೋಪಿ ಬೇಕು. ಆದರೆ ಒಳಗೆ ಹೋಗುವವರಿಗೆ ಮುಂದೆ ಏನಿದೆಯೆಂದು ಮೊದಲೇ ಗೊತ್ತಿರುತ್ತದೆ.

ಅಳತೆ ತಪ್ಪುವ ಜಾಗಗಳು

ಬಸಳೆ ದಂಟನ್ನು ಓರೆಯಾಗಿ ಕೊಯ್ದರೆ ಹೋಳು ಉದ್ದನೆಯ ಅಂಡಾಕಾರವಾಗುತ್ತದೆ, ದಂಟು ಮಾತ್ರ ದುಂಡಗೇ ಇರುತ್ತದೆ. ಅಡ್ಡ ಸ್ಲೈಸಿನಲ್ಲಿ ಓರೆಯಾಗಿ ಹಾದುಹೋಗುವ ನಾಳಕ್ಕೂ ಇದೇ ಗತಿ. 45 ಡಿಗ್ರಿ ವಾಲಿದ ನಾಳ ಒಂದು ದಿಕ್ಕಿನಲ್ಲಿ ನಿಜಕ್ಕಿಂತ 1.4 ಪಟ್ಟು, 60 ಡಿಗ್ರಿ ವಾಲಿದ್ದು ಎರಡು ಪಟ್ಟು ಅಗಲ ಕಾಣುತ್ತದೆ. ಬಲಗಡೆಯ ನಡುಹಾಲೆಯ ನಾಳವನ್ನು ಬರೀ ಅಡ್ಡ ಚಿತ್ರದಲ್ಲಿ ಅಳೆದು ‘ಹಿಗ್ಗಿದೆ’ ಎಂದು ಬರೆಯುವ ತಪ್ಪು ಹೀಗೆ ಹುಟ್ಟುತ್ತದೆ. ಮೂರು ಆಯಾಮದ ದತ್ತಾಂಶವಿದ್ದರೆ ನಾಳದ ನಡುಗೆರೆ ಹಿಡಿದು ಅದಕ್ಕೆ ನೇರ ಅಡ್ಡಲಾಗಿ ಕತ್ತರಿಸಿ ಅಳೆಯಬಹುದು.

ಪರದೆಯ ಬೆಳಕಿನ ಹೊಂದಿಕೆಯೂ ಅಳತೆಯನ್ನು ಬದಲಿಸುತ್ತದೆ. ಮೃದು ಅಂಗಾಂಶಕ್ಕೆ ಹೊಂದಿಸಿದ ಪರದೆಯಲ್ಲಿ ಹೌನ್ಸ್‌ಫೀಲ್ಡ್ ಮಾನದ ಸುಮಾರು −135ಕ್ಕಿಂತ ಕೆಳಗಿನದೆಲ್ಲ ಕಪ್ಪು. ನಾಳದ ಅಂಚಿನ ಅರೆಬರೆ ಸಾಂದ್ರತೆಯ ಚೌಕಗಳೂ ಗಾಳಿಯೆಂದೇ ಲೆಕ್ಕಕ್ಕೆ ಬಂದು ನಾಳ ನಿಜಕ್ಕಿಂತ ಅಗಲವಾಗಿ, ಕಾಯಿಲೆ ನಿಜಕ್ಕಿಂತ ಹಗುರವಾಗಿ ಕಾಣುತ್ತದೆ. ಶ್ವಾಸಕೋಶದ ಹೊಂದಿಕೆಯಲ್ಲಿ, ಅಂದರೆ ಪರದೆಯಲ್ಲಿ ತೋರಿಸುವ ಸಾಂದ್ರತೆಯ ವ್ಯಾಪ್ತಿ 1500, ಅದರ ನಡುಮಟ್ಟ −450ರಿಂದ −600, ಅಳೆಯುವುದು ಕ್ರಮ. ಆರು ತಿಂಗಳ ಮೇಲೆ ಹೋಲಿಸುವಾಗಲೂ ಅದೇ ಹೊಂದಿಕೆ ಇರಬೇಕು. ವರ್ಚುವಲ್ ಬ್ರಾಂಕೋಸ್ಕೋಪಿಯಲ್ಲೂ ಗೋಡೆ ಎಲ್ಲಿಂದ ಶುರು ಎಂಬ ಗಡಿ ಅಂಕಿಯನ್ನು ಸ್ವಲ್ಪ ಸರಿಸಿದರೆ ನಾಳ ಮುಚ್ಚಿಹೋಗಬಹುದು, ಗೋಡೆಯಲ್ಲಿ ಇಲ್ಲದ ತೂತೂ ಬೀಳಬಹುದು.

ನಾಳದ ಮರವನ್ನು ತಾನಾಗಿ ಬಿಡಿಸುವ ಸಾಫ್ಟ್‌ವೇರುಗಳು, ಈಚಿನ ಎಐ ಆಧಾರಿತವುಗಳೂ ಸೇರಿ, ಎರಡು ಕಡೆ ಎಡವುತ್ತವೆ. ತೆಳು ಗೋಡೆ ದಾಟಿ ಪಕ್ಕದ ಎಂಫಿಸೀಮಾದ (ಶ್ವಾಸಕೋಶದ ಗಾಳಿಗೂಡುಗಳು ಒಡೆದು ಹಿಗ್ಗಿದ ಜಾಗದ) ಗಾಳಿಯನ್ನೂ ನಾಳವೆಂದು ಸೇರಿಸಿಕೊಳ್ಳುವುದು ಒಂದು. ಕಫ ಕಟ್ಟಿದಲ್ಲಿ ನಾಳ ಮುಗಿಯಿತೆಂದು ಆಚೆಯದ್ದನ್ನೆಲ್ಲ ಬಿಟ್ಟುಬಿಡುವುದು ಇನ್ನೊಂದು. ಬಣ್ಣದ ಮರದಲ್ಲಿ ಕೊಂಬೆ ಕಾಣೆಯಾದರೆ ಮೂಲ ಸ್ಲೈಸಿಗೆ ಮರಳಿ ನೋಡದೆ ತೀರ್ಪು ಕೊಡಬಾರದು.

ಮಗುವಿನ ಗಂಟಲಿಗೆ ಸಿಕ್ಕಿದ ಅಡಿಕೆ ಹೋಳು

ನಮ್ಮ ಕಡೆಯ ಅಂಗಳಗಳಲ್ಲಿ ಅಡಿಕೆ ಹೋಳು, ಹುಣಸೆ ಬೀಜ, ನೆಲಕಡಲೆ, ಗೇರುಬೀಜದ ಚೂರು ಎಲ್ಲವೂ ಒಂದೂವರೆ ಎರಡು ವರ್ಷದ ಮಗುವಿನ ಕೈಗೆಟಕುವ ಎತ್ತರದಲ್ಲೇ ಇರುತ್ತವೆ. ಇವು ಶ್ವಾಸನಾಳಕ್ಕೆ ಇಳಿದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಕ್ಸ್‌ರೇ ಸಹಜವಾಗಿದ್ದ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು. ತಿನ್ನುತ್ತಿದ್ದಾಗ ಹಠಾತ್ತನೆ ಉಸಿರು ಕಟ್ಟಿ ಕೆಮ್ಮು, ಮತ್ತೆ ಒಂದು ಬದಿಯ ಎದೆಯಲ್ಲಿ ಗಾಳಿಯ ಸದ್ದು ಕಡಿಮೆ, ಇವೆರಡಿದ್ದರೆ ಸ್ಕ್ಯಾನಿಗೆ ಹೊತ್ತು ಕಳೆಯದೆ ನೇರವಾಗಿ ರಿಜಿಡ್ ಬ್ರಾಂಕೋಸ್ಕೋಪಿ (ಬಾಗದ ಲೋಹದ ಕೊಳವೆ ಇಳಿಸಿ ನೋಡುವ) ಸೌಲಭ್ಯವಿರುವಲ್ಲಿಗೆ ಒಯ್ಯಬೇಕು. ವಸ್ತುವನ್ನು ತೆಗೆಯುವುದೂ ಅದರಿಂದಲೇ.

ಸಿಟಿ ಉಪಯೋಗಕ್ಕೆ ಬರುವುದು ಅನುಮಾನದ ಪ್ರಕರಣಗಳಲ್ಲಿ: ಉಸಿರು ಕಟ್ಟಿದ್ದನ್ನು ಯಾರೂ ನೋಡಿಲ್ಲ, ವಾರಗಳಿಂದ ಕೆಮ್ಮು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ. ತೆಳು ಸ್ಲೈಸಿನಲ್ಲಿ ನಾಳಗಳೆಲ್ಲ ಖಾಲಿ ಕಂಡರೆ ಅರಿವಳಿಕೆ ಕೊಟ್ಟು ಮಾಡುವ ಒಂದು ಪ್ರಕ್ರಿಯೆ ತಪ್ಪಬಹುದು. ಏನೋ ಕಂಡರೆ ಮಾತ್ರ ಅದು ಕಫವೂ ಆಗಿರಬಹುದು. ಸ್ಕ್ಯಾನಿಗಾಗಿ ನಿದ್ದೆಯ ಔಷಧ ಕೊಡುವುದೂ ಹಗುರವಾದ ವಿಷಯವಲ್ಲ. ಅರ್ಧ ಮುಚ್ಚಿದ ನಾಳದ ಮಗು ಮೇಜಿನ ಮೇಲೆ ಉಸಿರು ನಿಲ್ಲಿಸಿದರೆ ನಿಭಾಯಿಸುವ ಕೈ ಅಲ್ಲಿ ಇರಲೇಬೇಕು. ವೇಗದ ಯಂತ್ರವಿದ್ದರೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ, ಔಷಧವಿಲ್ಲದೆಯೇ ಎಳೆಮಕ್ಕಳ ಸ್ಕ್ಯಾನ್ ಮುಗಿಸುವುದು ಸಾಧ್ಯ. ಆದರೆ ಮುಂದೆ ಅರಿವಳಿಕೆ ಬೇಕಾಗಬಹುದಾದ ಮಗುವಿಗೆ ಹಾಲು ಕುಡಿಸುವ ಮೊದಲು ವೈದ್ಯರನ್ನು ಕೇಳಬೇಕು.

ಹಳೆಯ ಕ್ಷಯ, ಹಿಗ್ಗಿದ ನಾಳ

ದೊಡ್ಡವರಲ್ಲಿ ಹೆಚ್ಚು ಮಂದಿಗೆ ಈ ಸ್ಕ್ಯಾನ್ ಆಗುವುದು ಬ್ರಾಂಕಿಯೆಕ್ಟೇಸಿಸ್‌ಗಾಗಿ, ಅಂದರೆ ನಾಳ ಹಿಗ್ಗಿ ಕಫ ತುಂಬಿಕೊಳ್ಳುವ ಸ್ಥಿತಿಗಾಗಿ. 2019ರಲ್ಲಿ ಪ್ರಕಟವಾದ ಭಾರತದ ದಾಖಲಾತಿ ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರಿಗೆ ಕಾರಣ ಹಿಂದೆ ಬಂದುಹೋದ ಕ್ಷಯ. ನಾಳ ಪಕ್ಕದ ರಕ್ತನಾಳಕ್ಕಿಂತ ದಪ್ಪವಾಗಿರುವುದು, ಮುಂದೆ ಹೋದಂತೆ ಸಪೂರವಾಗದಿರುವುದು, ಎದೆಗೋಡೆಯಿಂದ 1 ಸೆಂ.ಮೀ. ಒಳಗೂ ನಾಳ ಕಾಣಿಸುವುದು ಇದರ ಗುರುತುಗಳು. ಸಪೂರವಾಗುತ್ತದೆಯೇ ಇಲ್ಲವೇ ಎಂಬುದು ನಾಳದ ಉದ್ದಕ್ಕೆ ಕತ್ತರಿಸಿದ ನೋಟದಲ್ಲೇ ಚೆನ್ನಾಗಿ ಗೊತ್ತಾಗುವುದು.

ಇದರಿಂದ ಒಂದು ನೇರ ಲಾಭವಿದೆ. ಕಫದಲ್ಲಿ ರಕ್ತ ಬಂದಾಗಲೆಲ್ಲ ‘ಕ್ಷಯ ಮರಳಿತು’ ಎಂದು ಕಫ ಪರೀಕ್ಷೆಯಿಲ್ಲದೆ ಮತ್ತೆ ಆರು ತಿಂಗಳ ಮಾತ್ರೆ ಶುರು ಮಾಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹಳೆಯ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡಿದರೆ ಹಳೆಯ ಗಾಯದ ಹಿಗ್ಗಿದ ನಾಳವೇ ರಕ್ತದ ಮೂಲ ಎಂಬುದು ಎಷ್ಟೋ ಸಲ ತಿಳಿಯುತ್ತದೆ. ಆಗ ದಾರಿ ಬೇರೆ, ಕಾಂಟ್ರಾಸ್ಟ್ ಕೊಟ್ಟ ಸ್ಕ್ಯಾನಿನಿಂದ ರಕ್ತನಾಳ ಗುರುತಿಸುವುದು. ದಮ್ಮಿನವರಲ್ಲಿ ಎದೆಯ ನಡುಭಾಗದ ನಾಳಗಳು ಹಿಗ್ಗಿ, ಒಳಗಿನ ಕಫ ಬೆನ್ನಿನ ಸ್ನಾಯುವಿಗಿಂತಲೂ ಬೆಳ್ಳಗೆ ಕಂಡರೆ ಶಿಲೀಂಧ್ರದ ಅಲರ್ಜಿ, ಅಂದರೆ ಎಬಿಪಿಎ, ಹೆಚ್ಚುಕಡಿಮೆ ಖಚಿತ. ನಮ್ಮ ಮಳೆಗಾಲದ ಶೀತ, ಬೂಸಲು ಹಿಡಿದ ಅಡಿಕೆ, ಒದ್ದೆ ಸೊಪ್ಪಿನ ಹಟ್ಟಿ ನೆನಪಿದ್ದವರಿಗೆ ಈ ಗುರುತನ್ನು ಹುಡುಕುವ ಅಭ್ಯಾಸ ಇರಬೇಕು. ಇದನ್ನು ನೋಡುವುದು ಮೃದು ಅಂಗಾಂಶದ ಹೊಂದಿಕೆಯಲ್ಲಿ, ಶ್ವಾಸಕೋಶದ ಹೊಂದಿಕೆಯಲ್ಲಿ ತಪ್ಪಿಹೋಗುತ್ತದೆ.

ಮಿತಿಯನ್ನೂ ಹೇಳಬೇಕು. ಶ್ವಾಸನಾಳ ಸುಮಾರು 23 ಸಲ ಕವಲೊಡೆಯುತ್ತದೆ. ಸಾಮಾನ್ಯ ಸಿಟಿ ಚೆನ್ನಾಗಿ ತೋರಿಸುವುದು ಆರರಿಂದ ಎಂಟನೇ ಕವಲಿನವರೆಗೆ, 2 ಮಿ.ಮೀ.ಗಿಂತ ಸಣ್ಣ ನಾಳಗಳನ್ನು ನೇರವಾಗಿ ನೋಡಲಾಗದು. ಬೀಡಿ ಸೇದುವವರ ಸಿಒಪಿಡಿ, ಅಂದರೆ ಗಾಳಿದಾರಿಗೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಮೊದಲು ಕೂರುವುದು ಆ ಸಣ್ಣವುಗಳಲ್ಲೇ. ಅಲ್ಲಿ ಗಾಳಿ ಸಿಕ್ಕಿಬಿದ್ದದ್ದನ್ನು ನೋಡಿ ಊಹಿಸಬೇಕಷ್ಟೆ. ಸಿಒಪಿಡಿ ಪತ್ತೆಗೆ ಊದಿ ನೋಡುವ ಸ್ಪೈರೋಮೆಟ್ರಿಯೇ ಮೊದಲ ಪರೀಕ್ಷೆ, ಸ್ಕ್ಯಾನ್ ಅದರ ಜಾಗಕ್ಕೆ ಬರುವುದಿಲ್ಲ. ಹಾಗೆಂದು ಕಂಡದ್ದನ್ನು ಕಡೆಗಣಿಸಲೂ ಆಗದು. 2ರಿಂದ 10 ಮಿ.ಮೀ. ಅಗಲದ ನಾಳಗಳನ್ನು ಪೂರ್ತಿ ಮುಚ್ಚಿದ ಕಫ ಇರುವ ಸಿಒಪಿಡಿ ರೋಗಿಗಳಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು 2023ರಲ್ಲಿ ಅಮೆರಿಕದಿಂದ ಅಧ್ಯಯನ ಬಂದಿದೆ. ರಿಪೋರ್ಟಿನಲ್ಲಿ ಅಂಥ ಸಾಲು ಇದ್ದರೆ ಓದಿ ಬಿಟ್ಟುಬಿಡುವಂಥದ್ದಲ್ಲ.

ದಂತ ಕ್ಲಿನಿಕ್ಕಿನ ಗೊರಕೆ ಸ್ಕ್ಯಾನ್

ದಂತ ವೈದ್ಯರ ಬಳಿ ಇರುವ ಕೋನ್ ಬೀಮ್ ಸಿಟಿಯಿಂದ ಗಂಟಲಿನ ಗಾಳಿದಾರಿಯ ಬಣ್ಣದ ಚಿತ್ರ ತೆಗೆದು, ಕೆಂಪು ಬಂದರೆ ಕಿರಿದು, ಹಸಿರಾದರೆ ಅಗಲ ಎಂದು ತೋರಿಸುವುದು ಈಗ ನಡೆಯುತ್ತಿದೆ. ಡೋಸ್ ಕಡಿಮೆ, ಮೂಳೆಯ ವಿವರ ಸೊಗಸು. ಆದರೆ ಬಹುತೇಕ ಯಂತ್ರಗಳಲ್ಲಿ ರೋಗಿ ಎಚ್ಚರದಲ್ಲಿ ನೆಟ್ಟಗೆ ಕೂತಿರುತ್ತಾರೆ. ಗೊರಕೆಯಲ್ಲಿ ಉಸಿರು ಕಟ್ಟುವುದು ಮಲಗಿ ನಿದ್ದೆ ಮಾಡುವಾಗ, ಸ್ನಾಯು ಸಡಿಲಗೊಂಡಾಗ. ನಾಲಿಗೆ ಎಲ್ಲಿತ್ತು, ಉಗುಳು ನುಂಗಿದರೋ, ಗಲ್ಲ ಎಷ್ಟು ಎತ್ತಿದ್ದರು ಎಂಬುದರಿಂದಲೇ ಅಳತೆ ಬದಲಾಗುತ್ತದೆ. ಇಂಥ ಚಿತ್ರದಿಂದ ಸ್ಲೀಪ್ ಆಪ್ನಿಯಾ ನಿರ್ಧರಿಸಬಾರದೆಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘವೇ 2019ರಲ್ಲಿ ಹೇಳಿದೆ. ನಿರ್ಧಾರಕ್ಕೆ ನಿದ್ದೆಯ ಪರೀಕ್ಷೆಯೇ ಬೇಕು. ದವಡೆಯ ಶಸ್ತ್ರಚಿಕಿತ್ಸೆಯ ಯೋಜನೆಗೆ ಈ ಚಿತ್ರ ಉಪಯುಕ್ತ, ಅಷ್ಟೆ.

ವಿಕಿರಣವಿಲ್ಲದ ದಾರಿಗಳೂ ಇವೆ. ಎಂಆರ್‌ಐಯಲ್ಲಿ ಶ್ವಾಸಕೋಶ ಮಸುಕು, ದೊಡ್ಡ ನಾಳದ ಚಲನೆ ನೋಡಲು ಅಡ್ಡಿಯಿಲ್ಲ. ಕ್ಸೆನಾನ್-129 ಅನಿಲ ಉಸಿರಾಡಿಸಿ ಗಾಳಿ ಎಲ್ಲಿಗೆ ತಲುಪುತ್ತದೆ ಎಂದು ನೋಡುವ ಎಂಆರ್‌ಐಗೆ ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಇನ್ನೂ ಸಣ್ಣ ನಾಳಗಳನ್ನು ತೋರಿಸುವ ಫೋಟಾನ್ ಎಣಿಸುವ ಸಿಟಿಗೆ ಅಲ್ಲಿ 2021ರಲ್ಲೇ ಅನುಮತಿಯಾಗಿದೆ. ನಮ್ಮ ರೋಗಿಯ ಇಂದಿನ ತೀರ್ಮಾನಕ್ಕೆ ಇವು ಯಾವುವೂ ಬೇಕಾಗುವುದಿಲ್ಲ.

ಡೋಸು, ಸಿಡಿ, ಕಚ್ಚಾ ದತ್ತಾಂಶ

ಸಾಮಾನ್ಯ ಎದೆಯ ಸಿಟಿಯ ವಿಕಿರಣ 5ರಿಂದ 7 ಮಿಲಿಸೀವರ್ಟ್, ಕಡಿಮೆ ಡೋಸಿನದ್ದು 1ರಿಂದ 1.5ರ ಆಸುಪಾಸು. ಪ್ರಕೃತಿಯಿಂದಲೇ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ 2.4 ಸಿಗುತ್ತದೆ. ಗಾಳಿ ಮತ್ತು ಗೋಡೆಯ ವ್ಯತ್ಯಾಸ ದೊಡ್ಡದಿರುವುದರಿಂದ ಶ್ವಾಸನಾಳಕ್ಕೆ ಕಡಿಮೆ ಡೋಸೇ ಸಾಲುತ್ತದೆ. ಉಸಿರು ಬಿಟ್ಟ ಸ್ಕ್ಯಾನಿಗಂತೂ ಖಂಡಿತ. ಒಂದು ಸ್ಕ್ಯಾನಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಒಂದೇ ತಿಂಗಳಲ್ಲಿ ಒಂದೇ ಪ್ರಶ್ನೆಗೆ ಗಡಿಯ ಆಚೆ ಒಂದು, ಈಚೆ ಒಂದು ಮಾಡಿಸುವುದಕ್ಕೆ.

ಮೊದಲ ಸ್ಕ್ಯಾನ್ ಸರಿಯಾದ ಉಸಿರಿನಲ್ಲಿ ಬಂದಿದ್ದರೆ ಎರಡನೆಯದನ್ನು ತಪ್ಪಿಸುವುದು ಕಷ್ಟವಲ್ಲ. 30 ಸೆಂ.ಮೀ. ಉದ್ದದ ಸ್ಕ್ಯಾನಿನಲ್ಲಿ ಅರ್ಧ ಮಿಲಿಮೀಟರಿಗೊಂದರಂತೆ 600 ಚಿತ್ರ, ಒಂದೊಂದು ಅರ್ಧ ಎಂ.ಬಿ., ಒಟ್ಟು 300 ಎಂ.ಬಿ. ಒಂದು ಸಿಡಿಗೆ ಸಾಕು, ಪೆನ್‌ಡ್ರೈವಾದರೆ ಇನ್ನೂ ಸುಲಭ. ಕೇಳಬೇಕಾದದ್ದು ಡೈಕಾಂ (ವೈದ್ಯಕೀಯ ಚಿತ್ರಗಳ ಮೂಲ ಡಿಜಿಟಲ್ ಕಡತ) ರೂಪದ ತೆಳು ಸ್ಲೈಸುಗಳನ್ನು. ಸಿಡಿ ಕೊಟ್ಟರೂ ಅದರಲ್ಲಿ 5 ಮಿ.ಮೀ.ಯ ಅರುವತ್ತು ಚಿತ್ರ ಮಾತ್ರ ಇರುವುದುಂಟು. ಕೌಂಟರಿನಲ್ಲೇ ತೆರೆದು ಎಷ್ಟು ಚಿತ್ರವಿದೆ ಎಂದು ನೋಡಿಸಿಕೊಳ್ಳಬೇಕು. ಫಿಲಂನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದರಿಂದ ಯಾವ ತಜ್ಞರೂ ಏನನ್ನೂ ಅಳೆಯಲಾರರು.

ಇದನ್ನು ಅದೇ ದಿನ ಕೇಳಬೇಕು. ತೆಳು ಸ್ಲೈಸು ಹುಟ್ಟುವುದು ಯಂತ್ರದ ಕಚ್ಚಾ ದತ್ತಾಂಶದಿಂದ. ಅದು ಯಂತ್ರದ ಡಿಸ್ಕಿನಲ್ಲಿ ಇರುವುದು ಕೆಲವು ದಿನ, ರೋಗಿಗಳ ದಟ್ಟಣೆ ಹೆಚ್ಚಿದ್ದರೆ ಇನ್ನೂ ಕಡಿಮೆ. ಜಾಗ ತುಂಬಿದಂತೆ ಹಳೆಯದು ಅಳಿಯುತ್ತದೆ. ಆಮೇಲೆ ಕೇಂದ್ರದಲ್ಲಿ ಉಳಿಯುವುದು ಕಡತಕ್ಕೆ ಕಳಿಸಿದ ದಪ್ಪ ಸ್ಲೈಸುಗಳು ಮಾತ್ರ. ಅವುಗಳಿಂದ ತೆಳುವಾದದ್ದನ್ನು ಮತ್ತೆ ಮಾಡಲು ಯಾವ ಸಾಫ್ಟ್‌ವೇರಿಗೂ ಆಗುವುದಿಲ್ಲ.